ಬಿಸಿ ಡೆಲಿ ಸ್ಯಾಂಡ್‌ವಿಚ್ ಸಿಗರೇಟಿನಷ್ಟೇ ಅಪಾಯವೇ? ಫಾರ್ವರ್ಡ್ ಹೇಳದ ಸಂಗತಿಗಳು

"ಡೆಲಿ ಮಾಂಸ ತಿನ್ನುವುದೂ ಸಿಗರೇಟು ಸೇದುವುದೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಎಲ್ಲರಿಗೂ ಕಳಿಸಿ!" ಇಂಥ ಸಂದೇಶ ನಿಮಗೂ ಬಂದಿರಬಹುದು. ಅಮೆರಿಕದಲ್ಲಿರುವ ಮಗಳೋ ಮಗನೋ ಮನೆಯಲ್ಲಿ ರೂಬೆನ್ ಸ್ಯಾಂಡ್‌ವಿಚ್ ಮಾಡಿದ ಫೋಟೊ ಹಾಕಿದರೆ, ಊರಿನಿಂದ ಈ ಫಾರ್ವರ್ಡ್ ಹೋಗಿಯೇ ಹೋಗುತ್ತದೆ. ಇದರಲ್ಲಿ ನಿಜವೆಷ್ಟು?

ರೂಬೆನ್ ಎಂದರೇನು?

ರೈ ಬ್ರೆಡ್ಡಿನ ಎರಡು ಹೋಳುಗಳ ನಡುವೆ ಕಾರ್ನ್ಡ್ ಬೀಫ್, ಸ್ವಿಸ್ ಚೀಸ್, ಹುಳಿಬರಿಸಿದ ಎಲೆಕೋಸು ಮತ್ತು ರಷ್ಯನ್ ಡ್ರೆಸ್ಸಿಂಗ್ ಇಟ್ಟು, ಬೆಣ್ಣೆ ಸವರಿ ಕಾವಲಿಯಲ್ಲಿ ಸುಡುವ ತಿಂಡಿ. ಇದು ಹುಟ್ಟಿದ್ದು ನ್ಯೂಯಾರ್ಕಿನಲ್ಲೋ ಒಮಾಹಾದಲ್ಲೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಹೆಸರಿನಲ್ಲಿ 'ಕಾರ್ನ್' ಇದ್ದರೂ ಮೆಕ್ಕೆಜೋಳ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಕಾಳು ಎಂಬ ಅರ್ಥವಿತ್ತು. ಕಾಳಿನ ಗಾತ್ರದ ಉಪ್ಪಿನಲ್ಲಿ ಹದಗೊಳಿಸಿದ ಮಾಂಸವಾದ್ದರಿಂದ ಆ ಹೆಸರು.

ಗುಲಾಬಿ ಬಣ್ಣ ಹಸಿ ಮಾಂಸದ ಗುರುತೇ?

ಅಲ್ಲ, ಬಣ್ಣ ಬೆರೆಸಿದ್ದೂ ಅಲ್ಲ. ಹದಗೊಳಿಸುವಾಗ ಹಾಕುವ ನೈಟ್ರೈಟ್, ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ, ಬೇಯಿಸಿದರೂ ಮಾಸದ ಗುಲಾಬಿ ಬಣ್ಣ ಕೊಡುತ್ತದೆ. ಬಾಟ್ಯುಲಿಸಂ ಎಂಬ ಮಾರಕ ವಿಷಾಹಾರಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ತಡೆಯುವುದೂ ಇದೇ ನೈಟ್ರೈಟ್. 'ನೈಟ್ರೈಟ್ ಸೇರಿಸಿಲ್ಲ' ಎಂಬ ಲೇಬಲ್ ಕಂಡು ನಿಶ್ಚಿಂತರಾಗಬೇಡಿ. ಅಂಥವುಗಳಲ್ಲಿ ಹಲವಕ್ಕೆ ಸೆಲರಿ ಪುಡಿ ಹಾಕಿರುತ್ತಾರೆ. ಅದರಿಂದ ಬರುವುದೂ ನೈಟ್ರೈಟೇ.

ಸಿಗರೇಟಿಗೆ ಸಮವೇ?

2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಂಸ್ಕರಿತ ಮಾಂಸವನ್ನು ತಂಬಾಕು ಇರುವ 1ನೇ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಅದೇ ವಿಭಾಗ ಉಲ್ಲೇಖಿಸಿದ ಅಂದಾಜಿನ ಪ್ರಕಾರ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳಿಗೆ ಅತಿಯಾದ ಸಂಸ್ಕರಿತ ಮಾಂಸ ಕಾರಣವಾದರೆ, ತಂಬಾಕಿನಿಂದ ಸುಮಾರು 10 ಲಕ್ಷ.

ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಸಾಧ್ಯತೆ 18% ಹೆಚ್ಚುತ್ತದೆ. ಅಮೆರಿಕದಲ್ಲಿ ಈ ಕ್ಯಾನ್ಸರ್ ಜೀವಮಾನದಲ್ಲಿ 100ರಲ್ಲಿ ಸುಮಾರು 4 ಜನರಿಗೆ ಬರುತ್ತದೆ. 18% ಹೆಚ್ಚಳವೆಂದರೆ ಆ 4, ಸುಮಾರು 4.7 ಆಗುತ್ತದೆ. ಹಾಗೆಂದು ಇದು ಸುಳ್ಳು ಭಯವಲ್ಲ. ದಿನವೂ ತಿನ್ನುವವರು ಕಡಿಮೆ ಮಾಡಲೇಬೇಕು. ಅಪರೂಪಕ್ಕೆ ತಿನ್ನುವ ಸ್ಯಾಂಡ್‌ವಿಚ್‌ಗೆ ಈ ಲೆಕ್ಕ ಹಾಗೆಯೇ ಅನ್ವಯಿಸುವುದಿಲ್ಲ.

ಫಾರ್ವರ್ಡ್ ಮರೆತ ಅಪಾಯ

ಕ್ಯಾನ್ಸರ್ ವರ್ಷಗಳ ಮಾತು. ಆದರೆ ಡೆಲಿ ಮಾಂಸದಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಇದ್ದರೆ ಒಂದು ಊಟವೇ ಸಾಕು. ಇದು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಗರ್ಭಿಣಿಗೆ ಬರೀ ಜ್ವರದಂತೆ ಕಂಡರೂ ಗರ್ಭಪಾತವಾಗಬಹುದು. ವೃದ್ಧರಿಗೂ ಇದು ಮಾರಕ. 2024ರಲ್ಲಿ ಅಮೆರಿಕದಲ್ಲಿ ಡೆಲಿ ಮಾಂಸದಿಂದ ಹರಡಿದ ಸೋಂಕಿಗೆ 10 ಜನ ಬಲಿಯಾದರು.

'ಬಿಸಿ ಸ್ಯಾಂಡ್‌ವಿಚ್ ತಾನೆ, ಏನಾಗುತ್ತೆ' ಎನ್ನಬೇಡಿ. ಕಾವಲಿಯ ಮೇಲೆ ಬ್ರೆಡ್ ಕೆಂಪಗಾಗಿ ಚೀಸ್ ಕರಗಿದರೂ, ದಪ್ಪಗೆ ಪೇರಿಸಿದ ಮಾಂಸದ ನಡುಭಾಗ ತಣ್ಣಗೇ ಉಳಿಯಬಹುದು. ಅದಕ್ಕೆ:

• ಮೊದಲು ಮಾಂಸವನ್ನಷ್ಟೇ ಬಾಣಲೆಗೆ ಹಾಕಿ, ಒಂದೆರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಹಬೆಯಾಡುವಂತೆ ಬಿಸಿ ಮಾಡಿ. ಒಳಗೆ 74 ಡಿಗ್ರಿ ಸೆಲ್ಸಿಯಸ್ ತಲುಪಬೇಕು.
• ಎಲೆಕೋಸನ್ನು ಚೆನ್ನಾಗಿ ಹಿಂಡಿ, ಬ್ರೆಡ್ ನೆನೆಯುವುದಿಲ್ಲ.
• ಆಮೇಲೆ ಜೋಡಿಸಿ, ಸಣ್ಣ ಉರಿಯಲ್ಲಿ ಎರಡೂ ಬದಿ ಸುಡಿ.
• ಬ್ರೆಡ್, ಮಾಂಸ, ಚೀಸ್, ಕೋಸು, ಡ್ರೆಸ್ಸಿಂಗ್ ಎಲ್ಲದರಲ್ಲೂ ಉಪ್ಪಿದೆ. ಬಿ.ಪಿ. ಇರುವವರಿಗೆ ಅರ್ಧವೇ ಸಾಕು.

ಹಾಗಾಗಿ ಆ ಫಾರ್ವರ್ಡ್ ಪೂರ್ತಿ ಸುಳ್ಳಲ್ಲ, ಅರ್ಧಸತ್ಯ. ಮನೆಯಲ್ಲಿ ಬಸುರಿಯೋ ವಯಸ್ಸಾದವರೋ ಇರುವ ಕಡೆಗೆ ಏನಾದರೂ ಕಳಿಸುವುದಿದ್ದರೆ, 'ಮಾಂಸ ಹಬೆಯಾಡುವಂತೆ ಬಿಸಿ ಮಾಡಿ' ಎಂಬ ಒಂದು ಸಾಲು ಕಳಿಸಿ.