ಕಸ ಕಂಡ ಮೇಲೆ ಎಣ್ಣೆ ಕೊಂಡರೆ ತಡವಾಯಿತು

ಮೆಕ್ಕೆಜೋಳ ಮೊಣಕಾಲಿಗೆ ಬಂದಿರುತ್ತದೆ. ಕಸವೂ ಅಷ್ಟೇ ಎತ್ತರ. ಆಗ ನಾವು ಬೈಕ್ ಹತ್ತಿ ಪೇಟೆಗೆ ಹೋಗಿ, ಅಂಗಡಿ ಮುಂದೆ ನಿಂತು "ಅಣ್ಣಾ, ಮೆಕ್ಕೆಜೋಳಕ್ಕ ಕಸದ ಎಣ್ಣಿ ಕೊಡು" ಎನ್ನುತ್ತೇವೆ. ಆತ ಕೊಡುತ್ತಾನೆ. ಬಿತ್ತಿ ಎಷ್ಟು ದಿನ ಆತು ಅಂತ ಆತನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹತ್ತು ದಿನ ಕಳೆದು, ಅರ್ಧ ಬಾಡಿದ ಕಸ ಮತ್ತೆ ಚಿಗುರಿದಾಗ "ಎಣ್ಣಿ ಡೂಪ್ಲಿಕೇಟ್" ಎಂದು ಬೈಯುತ್ತೇವೆ. ಡೂಪ್ಲಿಕೇಟ್ ಮಾಲು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ನನ್ನ ಹೊಲದಲ್ಲಿ ಎರಡು ವರ್ಷ ಕೆಟ್ಟದ್ದು ಎಣ್ಣೆಯಲ್ಲ, ದಿನ.

ನನ್ನದು ಸಂಡೂರು ಸೀಮೆಯ ಮೂರೂವರೆ ಎಕರೆ. ಎರಡು ಎಕರೆ ಮಸಾರಿ, ಉಳಿದದ್ದು ಎರೆ. ಹೊಸಪೇಟೆ, ಹಂಪಿ ಕಡೆಯವರಿಗೆ ರಾಯ ಕಾಲುವೆ, ಬಸವ ಕಾಲುವೆ ಇವೆ. ಕಂಪ್ಲಿಯವರಿಗೂ ತುಂಗಭದ್ರೆ ಇದ್ದಾಳೆ. ಕಬ್ಬು, ಬಾಳೆ, ಭತ್ತ ಅವರ ಪಾಲಿಗೆ. ನಮಗೆ ಮಳೆ, ಮೆಕ್ಕೆಜೋಳ. ಜುಲೈ-ಆಗಸ್ಟಿನಲ್ಲಿ ಕಾಲುವೆಗೆ ನೀರು ಬಿಟ್ಟರೆ ಹೆಣ್ಣಾಳುಗಳೆಲ್ಲ ನಾಟಿಗೆ ಹೋಗುತ್ತಾರೆ. ಗಂಡಾಳುಗಳು ಮೊದಲೇ ಗಣಿಗೆ, ತೋರಣಗಲ್ಲಿನ ಕಾರ್ಖಾನೆಗಳಿಗೆ ಹೋಗಿಬಿಟ್ಟಿದ್ದಾರೆ. ಅವರನ್ನು ತಪ್ಪು ಅನ್ನಲಾರೆ, ಕೂಲಿ ಹೆಚ್ಚು ಸಿಗುವ ಕಡೆ ಯಾರಾದರೂ ಹೋಗುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಜೋಳದಲ್ಲಿ ಕಸ ಎದ್ದಿರುತ್ತದೆ. ಕಳೆನಾಶಕ ನಮ್ಮ ಹೊಲಕ್ಕೆ ಬಂದದ್ದು ಹೀಗೆ. ಅದು ಬೇಡವೇ ಬೇಡ ಎನ್ನುವ ಗೆಳೆಯರಿದ್ದಾರೆ. ಅವರ ಮಾತಿಗೆ ಗೌರವವಿದೆ. ಆದರೆ ಮುಯ್ಯಾಳು ಇದ್ದ ಕಾಲ ಹೋಯಿತು. ಹೇಗೂ ಬಳಸುತ್ತಿದ್ದೇವೆ ಎಂದಮೇಲೆ ಸರಿಯಾದ ದಿನದಲ್ಲಿ ಬಳಸೋಣ ಎನ್ನುವುದಷ್ಟೇ ನನ್ನ ವಾದ.

ಮೆಕ್ಕೆಜೋಳಕ್ಕೆ ಕಸದ ಕಾಟ ನಿಜವಾಗಿ ತಟ್ಟುವುದು ಬಿತ್ತಿದ ಸುಮಾರು 15ನೇ ದಿನದಿಂದ 45ನೇ ದಿನದವರೆಗೆ. ಆಮೇಲೆ ಬೆಳೆಯ ನೆರಳೇ ಕಸವನ್ನು ಹತ್ತಿಕ್ಕುತ್ತದೆ. ಬೆಳೆ ಇನ್ನೂ ಮೊಣಕಾಲಿಗೂ ಬಾರದ ಹೊತ್ತಿನಲ್ಲೇ, ಕಾಂಡದೊಳಗೆ ತೆನೆಯಲ್ಲಿ ಎಷ್ಟು ಸಾಲು ಕಾಳು ಬರಬೇಕೆಂಬುದು ಗೊತ್ತಾಗಿಬಿಡುತ್ತದೆ. ಆಗ ಕಸದ ಜತೆ ಕಿತ್ತಾಡಿ ಬಡವಾದ ಗಿಡ, ಮುಂದೆ ಎಷ್ಟೇ ಯೂರಿಯಾ ಹಾಕಿ ಹಸಿರು ಮಾಡಿದರೂ ಕಳೆದದ್ದನ್ನು ವಾಪಸು ಕೊಡುವುದಿಲ್ಲ. ಹೊಲ ಚೆಂದ ಕಾಣುತ್ತದೆ, ತೆನೆ ಸುಲಿದಾಗ ಗೊತ್ತಾಗುತ್ತದೆ.

ಮೊದಲ ಅವಕಾಶ ಬಿತ್ತಿದ ದಿನದಿಂದ ಮೂರು ದಿನ. ಅಟ್ರಜಿನ್ ಪುಡಿಯ ಕಾಲ ಅದು. ಈ ಪುಡಿ ಎದ್ದ ಕಸಕ್ಕಿಂತ ಏಳುತ್ತಿರುವ ಕಸದ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೇರಿನ ಮೂಲಕ ಒಳಹೊಕ್ಕು ಎಲೆ ಅನ್ನ ಮಾಡುವುದನ್ನೇ ನಿಲ್ಲಿಸುತ್ತದೆ. ಬೇರು ಅದನ್ನು ಹೀರಬೇಕಾದರೆ ಮಣ್ಣಿನಲ್ಲಿ ಹಸಿ ಬೇಕೇ ಬೇಕು. 2023ರಲ್ಲಿ ನಾನು ಕಲಿತದ್ದು ಇದನ್ನೇ. ಆ ವರ್ಷ ಜೂನ್ ಮಳೆ ಕೈಕೊಟ್ಟಿತು. ಒಂದು ಹದಕ್ಕೆ ಕೂರಿಗೆ ಹೂಡಿ ಬಿತ್ತಿದೆ. ಪುಡಿ ತಂದದ್ದು ಮೂರನೇ ದಿನ, ಹೊಡೆದದ್ದು ನಾಲ್ಕನೇ ದಿನ. ಅಷ್ಟರಲ್ಲಿ ಮೇಲಿನ ಎರಡು ಬೆರಳು ಮಣ್ಣು ಒಣಗಿ ಹೋಗಿತ್ತು. ಮಳೆ ಬಂದದ್ದು ಎಷ್ಟೋ ದಿನದ ಮೇಲೆ. ಅಷ್ಟು ಹೊತ್ತಿಗೆ ಆಳದ ಹಸಿಯಲ್ಲಿ ಬೇರು ಬಿಟ್ಟಿದ್ದ ಕಾಂಗ್ರೆಸ್ ಕಸ, ಅಣ್ಣೆಸೊಪ್ಪು ಎಲ್ಲ ಎದ್ದು ನಿಂತಿದ್ದವು. ಪುಡಿಯ ದುಡ್ಡು ಹೋಯಿತು, ಕಸ ತೆಗೆಸುವ ಕೂಲಿಯೂ ಹೋಯಿತು. ಪುಡಿಯನ್ನು ಬೀಜದ ಚೀಲದ ಜತೆಗೇ ತಂದಿಟ್ಟುಕೊಂಡು, ಬಿತ್ತಿದ ಸಂಜೆಯೇ ಹೊಡೆದಿದ್ದರೆ ಸಾಕಿತ್ತು. ಹಸಿಯೇ ಇಲ್ಲದಿದ್ದರೆ ಹೊಡೆಯಲೇಬಾರದಿತ್ತು. ಪುಡಿಯನ್ನು ಮನೆಯಲ್ಲಿಟ್ಟುಕೊಂಡರೆ ಮುಂದಿನ ವರ್ಷಕ್ಕೆ ಬರುತ್ತದೆ, ಚೀಟಿಯ ಮೇಲಿನ ಕೊನೆಯ ದಿನಾಂಕ ನೋಡಿಕೊಂಡರಾಯಿತು.

ಪ್ರಮಾಣದ್ದೂ ಒಂದು ಮಾತು. 50 ಪರ್ಸೆಂಟಿನ ಪುಡಿಯಾದರೆ ಎಕರೆಗೆ 400ರಿಂದ 800 ಗ್ರಾಂ. ಮಸಾರಿಗೆ ಕಡಿಮೆ, ಎರೆಗೆ ಹೆಚ್ಚು. ನೀರು ಎಕರೆಗೆ 200 ಲೀಟರಿನಷ್ಟು ಬೇಕು. 16 ಲೀಟರಿನ ಪಂಪಾದರೆ ಹನ್ನೆರಡು-ಹದಿಮೂರು ಟ್ಯಾಂಕು. ನಾವು ಐದಾರು ಟ್ಯಾಂಕಿಗೇ ಮುಗಿಸಿ ಮನೆಗೆ ಬರುತ್ತೇವೆ! ಎರೆ ಹೊಲದಲ್ಲಿ ಹೆಂಟೆ ಒಡೆಯದೆ ಹೊಡೆದರೆ ಹೆಂಟೆಯ ಅಡಿಯಿಂದ ಕಸ ಏಳುತ್ತದೆ. ಹಿಂದಕ್ಕೆ ನಡೆಯುತ್ತ ಹೊಡೆಯಬೇಕು. ಆಮೇಲೆ ಎರಡು-ಮೂರು ವಾರ ಮಣ್ಣು ಕೆದಕಬಾರದು, ಕೆದಕಿದರೆ ಅಡಿಯ ಬೀಜ ಮೇಲೆ ಬರುತ್ತದೆ. ಪ್ರಮಾಣ ಹೆಚ್ಚಿಸಿದರೆ ಹಿಂಗಾರಿಗೆ ಹಾಕುವ ಕಡಲೆಯಂಥ ಬೆಳೆಗೂ ಪೆಟ್ಟು. ಬಾವಿ, ಬೋರಿನ ಹತ್ತಿರ ಇದನ್ನು ತೊಳೆಯಬೇಡಿ. ನೆಲದಡಿಯ ನೀರಿಗೆ ಇಳಿಯುತ್ತದೆಂದೇ ಯೂರೋಪಿನ ಒಕ್ಕೂಟ 2004ರಲ್ಲಿ ಇದರ ಅನುಮತಿ ತೆಗೆದುಹಾಕಿತು. ನಮ್ಮ ಕೇಂದ್ರ ಸರಕಾರ 2020ರ ಮೇ ತಿಂಗಳಲ್ಲಿ ಹೊರಡಿಸಿದ 27 ವಿಷಗಳ ನಿಷೇಧದ ಕರಡು ಪಟ್ಟಿಯಲ್ಲೂ ಇದರ ಹೆಸರಿತ್ತು.

ಎರಡನೆಯ ಅವಕಾಶ 15ರಿಂದ 20ನೇ ದಿನದ ಆಸುಪಾಸು. ಟೆಂಬೋಟ್ರಯೋನ್, ಟೋಪ್ರಾಮೆಜೋನ್ ಎಂಬ ಎಣ್ಣೆಗಳು ಆಗಿನವು. ಇಲ್ಲಿ ಬೆಳೆಯನ್ನು ನೋಡಬೇಡಿ, ಕಸವನ್ನು ನೋಡಿ. ಕಸಕ್ಕೆ ಎರಡರಿಂದ ನಾಲ್ಕು ಎಲೆ ಇದ್ದಾಗ ಹೊಡೆದರೆ ಕೆಲವೇ ದಿನದಲ್ಲಿ ಬಿಳಿಚಿಕೊಂಡು ಸಾಯುತ್ತದೆ. 2022ರಲ್ಲಿ ಬಿಡದ ಮಳೆ, ಹೊಲಕ್ಕೆ ಕಾಲಿಡಲು ಆಗಲಿಲ್ಲ. ನಾನು ಹೊಡೆದದ್ದು 33ನೇ ದಿನ. ಕಸ ಮೊಳಕೈ ಉದ್ದ ಇತ್ತು. ತುದಿ ಬಿಳಿಯಾಯಿತು, ಬುಡ ಹಸಿರಾಗೇ ಉಳಿಯಿತು, ಹದಿನೈದು ದಿನದಲ್ಲಿ ಕವಲೊಡೆದು ಮೊದಲಿಗಿಂತ ಜೋರಾಯಿತು. "ಡಬಲ್ ಹಾಕಬೇಕಿತ್ತು" ಎಂದರು ಪಕ್ಕದ ಹೊಲದ ಕಾಕಾ. ಡಬಲ್ ಹಾಕಿದರೆ ದುಡ್ಡು ಡಬಲ್ ಆಗುತ್ತದೆ, ಬಲಿತ ಕಸ ಎಳೆಯದಾಗುವುದಿಲ್ಲ. ಆ ದಿನ ದಾಟಿತೆಂದರೆ ಎಣ್ಣೆಯ ಆಸೆ ಬಿಟ್ಟು ಎಡೆಕುಂಟೆ ಹೊಡೆಯುವುದೇ ವಾಸಿ. ಎತ್ತು ಇಲ್ಲದವರಿಗೆ ಸೈಕಲ್ ಕುಂಟೆ ಇದೆ. ನಿಜ ಹೇಳಬೇಕೆಂದರೆ, 20ನೇ ದಿನಕ್ಕೊಂದು, 35ಕ್ಕೊಂದು ಎಡೆ ಹೊಡೆಯುವ ಶಕ್ತಿ ಇದ್ದವರಿಗೆ ಈ ಎರಡನೇ ಎಣ್ಣೆಯ ಖರ್ಚು ಬೇಕಾಗಿಯೇ ಇಲ್ಲ. ಸಾಲಿನೊಳಗಿನ ಕಸಕ್ಕೆ ಒಂದೆರಡು ಆಳು ಸಾಕು. ಗರಿಕೆ, ಜೇಕಿಗೆ ಅಟ್ರಜಿನ್ ನಾಟುವುದಿಲ್ಲ, ಅದನ್ನು ಮಾಗಿ ಉಳುಮೆಯಲ್ಲೇ ಆರಿಸಿ ತೆಗೆಯಬೇಕು.

ನನಗೆ ಹೆಚ್ಚು ನೋವಾದದ್ದು ದುಡ್ಡಿನದ್ದಲ್ಲ. ನಮ್ಮ ಮನೆಯವಳು ಜೋಳದ ನಡುವೆ ಅಕ್ಕಡಿ ತೊಗರಿ ಹಾಕುತ್ತಿದ್ದಳು. ವರ್ಷದ ಬೇಳೆ ಅಲ್ಲೇ ಆಗುತ್ತಿತ್ತು. ಅಟ್ರಜಿನ್ ಹೊಡೆದ ಮೊದಲ ವರ್ಷ ತೊಗರಿ ಮೊಳೆತು, ಹಳದಿಯಾಗಿ ಸತ್ತಿತು. "ಕಸ ಸಾಯ್ಲಿ ಅಂತ ಹೊಡೆದ್ರಿ, ಬ್ಯಾಳಿ ಸತ್ತು ಹೋತು. ಅಂಗಡ್ಯಾಗಿನ ಬ್ಯಾಳಿ ರೇಟು ನೀವ್ ಕೇಳ್ಕೊಂಡ್ ಬರ್ರಿ" ಎಂದಳು. ನಾನು ಏನು ಹೇಳಲಿ? ಅಕ್ಕಡಿ ಕಾಳು ಇರುವ ಹೊಲಕ್ಕೆ ಅಟ್ರಜಿನ್ ಆಗದು, ಪೆಂಡಿಮೆಥಾಲಿನ್ ಆಗುತ್ತದೆ, ಅದೂ ಬಿತ್ತಿದ ಎರಡು-ಮೂರು ದಿನದೊಳಗೆ, ಹಸಿಯಲ್ಲಿ. ಇದನ್ನು ನನಗೆ ಯಾರೂ ಹೇಳಲಿಲ್ಲ. ಡಬ್ಬಿಯೊಳಗಿನ ಚೀಟಿಯಲ್ಲಿ ಇದ್ದಿರಬಹುದು, ಆ ಇರುವೆ ಅಕ್ಷರ ಓದಲು ನನ್ನ ಕಣ್ಣಿಗೆ ಆಗದು. ಹಾಗೆಯೇ 2,4-ಡಿ ಹೊಡೆದ ಪಂಪಿನಲ್ಲಿ ಹತ್ತಿಗೆ ಹುಳದ ಔಷಧ ಹೊಡೆದು, ಹತ್ತಿಯ ಎಲೆಯೆಲ್ಲ ಬೆಂಡೆ ಎಲೆಯಂತೆ ಸೀಳಿದ್ದನ್ನು ನಾವು ಕಂಡಿದ್ದೇವೆ. ಕಸದ ಎಣ್ಣೆಗೆ ಪಂಪು ಬೇರೆಯೇ ಇರಲಿ. ಗಾಳಿ ಇದ್ದಾಗ ಪಕ್ಕದವರ ಹತ್ತಿಯ ಕಡೆ ಅದನ್ನು ಹೊಡೆಯಲೇಬೇಡಿ. ನಷ್ಟ ಅವರದ್ದು, ಜಗಳ ನಿಮ್ಮದು.

ಅಂಗಡಿಯವರಿಗೆ ನನ್ನದೊಂದು ಬೇಡಿಕೆ ಇದೆ. ಬಿಲ್ಲಿನ ಮೇಲೆ ಎರಡೇ ಸಾಲು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದುಕೊಡಲಿ: ಬಿತ್ತಿದ ಎಷ್ಟನೇ ದಿನಕ್ಕೆ, ಎಕರೆಗೆ ಎಷ್ಟು. ರೈತ ಸಂಪರ್ಕ ಕೇಂದ್ರದವರು ಬೀಜ ಕೊಡುವ ದಿನವೇ ಇದನ್ನು ಹೇಳಲಿ, ಆಗಸ್ಟಿನಲ್ಲಲ್ಲ. ನಾವೂ ಬಿತ್ತಿದ ತಾರೀಕು ಬರೆದಿಟ್ಟುಕೊಳ್ಳೋಣ. "ಆರಿದ್ರಾದಾಗ ಬಿತ್ತಿದ್ದು" ಎಂದರೆ ಅದರಲ್ಲಿ ಹದಿನಾಲ್ಕು ದಿನ ಬರುತ್ತವೆ, ಎಣ್ಣೆಗೆ ಬೇಕಾದ್ದು ಅದರಲ್ಲಿ ಒಂದು ದಿನ. ನಾನು ಈಗ ಅಡಿಗೆಮನೆ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯುತ್ತೇನೆ. ಮೂರನೇ ದಿನ ಆಯಿತೆಂದು ನೆನಪಿಸುವುದು ಮನೆಯವಳೇ. ತೊಗರಿ ಸಾಲಿರುವ ಅರ್ಧ ಎಕರೆಗೆ ಮಾತ್ರ ಪಂಪು ತರಬೇಡಿ ಎಂದು ಅವಳ ಕಟ್ಟಪ್ಪಣೆ. ಅಲ್ಲಿ ಈಗ ಎಡೆಕುಂಟೆಯೇ.