ಆಡುವವರ ಬೆವರು, ಆಡಿಸುವವರ ಬೊಕ್ಕಸ

ಕಾಲೇಜು ಕ್ರೀಡಾಪಟುಗಳಿಗೆ ಸಂಬಳ ಕೊಡಬೇಕೇ ಬೇಡವೇ ಎಂಬ ಚರ್ಚೆ ಅಮೆರಿಕದಲ್ಲಿ ದಶಕಗಳಿಂದ ನಡೆಯುತ್ತಿದೆ. ಕಾಲೇಜಿನ ಆಟವೆಂದರೆ ಸಂಜೆ ಮೈದಾನದಲ್ಲಿ ಚೆಂಡು ಒದೆಯುವುದು, ವರ್ಷಕ್ಕೊಮ್ಮೆ ಅಂತರಕಾಲೇಜು ಪಂದ್ಯಾಟದಲ್ಲಿ ಒಂದು ಟ್ರೋಫಿ ಎತ್ತುವುದು ಎಂದು ತಿಳಿದಿರುವ ನಮಗೆ ಈ ಚರ್ಚೆಯೇ ವಿಚಿತ್ರವೆನಿಸಬಹುದು. ಆದರೆ ಅಲ್ಲಿ ಅದೊಂದು ಬೃಹತ್ ಉದ್ಯಮ. ರಾಷ್ಟ್ರಮಟ್ಟದ ಕಾಲೇಜು ಕ್ರೀಡಾ ಸಂಘವಾದ ಎನ್‌ಸಿಎಎ, ಪುರುಷರ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಪ್ರಸಾರದ ಹಕ್ಕನ್ನು 2010ರಲ್ಲಿ 14 ವರ್ಷಗಳ ಅವಧಿಗೆ 1,080 ಕೋಟಿ ಡಾಲರಿಗೆ ಮಾರಿತು. 2016ರಲ್ಲಿ ಇನ್ನೂ 880 ಕೋಟಿ ಡಾಲರಿಗೆ ಒಪ್ಪಂದವನ್ನು 2032ರ ವರೆಗೆ ವಿಸ್ತರಿಸಿತು. ವರ್ಷಕ್ಕೆ ಮೂರು ವಾರ ನಡೆಯುವ ಪಂದ್ಯಾವಳಿಯ ಬೆಲೆ ಇದು! ಈ ಒಪ್ಪಂದಗಳಿಗೆ ಸಹಿ ಬಿದ್ದಾಗ ಆಡುವ ಹುಡುಗನ ಸಂಬಳ ಎಷ್ಟಿತ್ತು? ಸೊನ್ನೆ.

ಈ ಸೊನ್ನೆಯನ್ನು ಸಮರ್ಥಿಸಿಕೊಳ್ಳಲು ಎನ್‌ಸಿಎಎ ಒಂದು ಪದವನ್ನೇ ಚಲಾವಣೆಗೆ ತಂದಿತು. 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಆ ಪದ ಕೇಳಲು ಗೌರವದ್ದು. ಆದರೆ ಅದರ ಹಿಂದಿನ ಕತೆ ಅಷ್ಟು ಗೌರವದ್ದಲ್ಲ. 1955ರಲ್ಲಿ ಕೊಲೊರಾಡೊ ರಾಜ್ಯದ ಕಾಲೇಜೊಂದರ ಆಟಗಾರ ಅಮೆರಿಕನ್ ಫುಟ್ಬಾಲ್ ಆಡುತ್ತಾ ತಲೆಗೆ ಪೆಟ್ಟು ಬಿದ್ದು ಅಸುನೀಗಿದ. ಕೆಲಸದ ವೇಳೆ ಸತ್ತ ಕಾರ್ಮಿಕನ ಕುಟುಂಬಕ್ಕೆ ಸಿಗುವ ಪರಿಹಾರ ತನಗೂ ಸಿಗಬೇಕೆಂದು ಆತನ ಪತ್ನಿ ಕೇಳಿದರು. ಕಾಲೇಜು ಫುಟ್ಬಾಲ್ ವ್ಯಾಪಾರ ನಡೆಸುತ್ತಿಲ್ಲ, ಆದ್ದರಿಂದ ಪರಿಹಾರವಿಲ್ಲ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪಿತ್ತಿತು. ಇಂತಹ ಪರಿಹಾರದ ಮೊಕದ್ದಮೆಗಳ ಭಯದಿಂದಲೇ ಆ ಪದವನ್ನು ರೂಪಿಸಲಾಯಿತೆಂದು, 1951ರಿಂದ 1987ರ ವರೆಗೆ ಎನ್‌ಸಿಎಎಯ ಚುಕ್ಕಾಣಿ ಹಿಡಿದಿದ್ದ ವಾಲ್ಟರ್ ಬೈಯರ್ಸ್ ಅವರೇ 1995ರ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡರು. ಕಟ್ಟಿದವರೇ ಕಟ್ಟಡ ಕೊಳೆತಿದೆ ಎಂದ ಮೇಲೆ ಇನ್ಯಾರ ಸಾಕ್ಷ್ಯ ಬೇಕು?

ಸಂಬಳ ಬೇಡವೆನ್ನುವವರ ಮೊದಲ ವಾದ, ಆಟಗಾರರಿಗೆ ಶಿಕ್ಷಣವೇ ಪ್ರತಿಫಲ ಎಂಬುದು. ಕನ್ನಡದಲ್ಲಿ ನಾವು ಸ್ಕಾಲರ್‌ಶಿಪ್ಪನ್ನು 'ವಿದ್ಯಾರ್ಥಿವೇತನ' ಎನ್ನುತ್ತೇವೆ. ಪದದೊಳಗೆ ವೇತನವಿದೆ, ಆದರೆ ದುಡಿಮೆಯ ಲೆಕ್ಕ ಅದರಲ್ಲಿಲ್ಲ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಫುಟ್ಬಾಲ್ ಆಟಗಾರರು ಋತುವಿನಲ್ಲಿ ವಾರಕ್ಕೆ 40ರಿಂದ 50 ಗಂಟೆಗಳನ್ನು ಆಟಕ್ಕೇ ವ್ಯಯಿಸುತ್ತಾರೆಂದು ಅಲ್ಲಿನ ಕಾರ್ಮಿಕ ಮಂಡಳಿಯ ಪ್ರಾದೇಶಿಕ ಅಧಿಕಾರಿ 2014ರಲ್ಲಿ ದಾಖಲಿಸಿದರು. ಅವರನ್ನು ನೌಕರರೆಂದೇ ಪರಿಗಣಿಸಿದರು. ಮರುವರ್ಷ ಕೇಂದ್ರ ಮಂಡಳಿ ಆ ಪ್ರಕರಣವನ್ನು ಕೈಗೆತ್ತಿಕೊಳ್ಳಲಾರೆನೆಂದು ಜಾರಿಕೊಂಡಿತು. 1973ರ ನಂತರ ಸುಮಾರು ನಾಲ್ಕು ದಶಕ ಈ ವಿದ್ಯಾರ್ಥಿವೇತನ ಕೇವಲ ಒಂದೊಂದು ವರ್ಷದ್ದಾಗಿತ್ತು. ಮರುವರ್ಷ ಅದು ಸಿಗಬೇಕಿದ್ದರೆ ತರಬೇತುದಾರನ ಕೃಪೆ ಬೇಕಿತ್ತು. ಇದನ್ನು ಶಿಕ್ಷಣದ ಋಣ ಎನ್ನಬೇಕೋ, ಜೀತ ಎನ್ನಬೇಕೋ?

ಆ ಶಿಕ್ಷಣವಾದರೂ ಎಂತಹದು? ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಆವರಣದಲ್ಲಿ 1993ರಿಂದ 2011ರ ವರೆಗೆ ಪಾಠವೇ ನಡೆಯದ, ಕಾಗದದ ಮೇಲೆ ಮಾತ್ರ ಇದ್ದ ತರಗತಿಗಳು ನಡೆದವು. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಇವುಗಳಿಂದ ಅಂಕ ಪಡೆದರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಕ್ರೀಡಾಪಟುಗಳೆಂದು 2014ರ ತನಿಖಾ ವರದಿ ಬಹಿರಂಗಪಡಿಸಿತು. 2017ರಲ್ಲಿ ಎನ್‌ಸಿಎಎ ವಿಶ್ವವಿದ್ಯಾಲಯವನ್ನು ಶಿಕ್ಷಿಸದೆ ಕೈತೊಳೆದುಕೊಂಡಿತು. ಸಂಬಳದ ಬದಲು ಕೊಡುತ್ತೇವೆಂದ ವಿದ್ಯೆಯಲ್ಲೂ ಕಲಬೆರಕೆ!

ಹಸಿವಿನ ಕತೆ ಇನ್ನೂ ಕಟುವಾದುದು. ಯುಸಿಎಲ್‌ಎ ತಂಡಕ್ಕೆ 1967ರಿಂದ 1969ರ ವರೆಗೆ ಸತತ ಮೂರು ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟ ಕರೀಂ ಅಬ್ದುಲ್ ಜಬ್ಬಾರ್, ತಮ್ಮ ತಂಡ ವಿಶ್ವವಿದ್ಯಾಲಯಕ್ಕೆ ಲಕ್ಷಾಂತರ ಡಾಲರ್ ಗಳಿಸಿಕೊಡುತ್ತಿದ್ದಾಗ ತಮ್ಮ ಕಿಸೆ ಬರಿದಾಗಿತ್ತೆಂದು 2014ರಲ್ಲಿ ಬರೆದರು. ಅದೇ ವರ್ಷ ಕನೆಕ್ಟಿಕಟ್ ತಂಡವನ್ನು ಚಾಂಪಿಯನ್ ಪಟ್ಟಕ್ಕೇರಿಸಿದ ಶಬಾಝ್ ನೇಪಿಯರ್, ಕೆಲವು ರಾತ್ರಿ ತಾನು ಹಸಿದೇ ಮಲಗುತ್ತೇನೆಂದು ಪತ್ರಕರ್ತರಿಗೆ ಹೇಳಿದರು. ಮುಖಭಂಗವಾದ ಮೇಲಷ್ಟೇ ಎನ್‌ಸಿಎಎ ಊಟದ ಮೇಲಿನ ಮಿತಿಯನ್ನು ತೆಗೆಯಿತು. ಇಬ್ಬರ ನಡುವೆ ಸುಮಾರು ಅರ್ಧ ಶತಮಾನದ ಅಂತರ. ಆಟಗಾರನ ಹೊಟ್ಟೆಯ ಪಾಡು ಮಾತ್ರ ಬದಲಾಗಿರಲಿಲ್ಲ.

ಎರಡನೆಯ ವಾದ, ಹಣವೇ ಇಲ್ಲ, ಫುಟ್ಬಾಲಿಗೆ ಸಂಬಳ ಕೊಟ್ಟರೆ ಈಜು, ಕುಸ್ತಿ, ಮಹಿಳಾ ಕ್ರೀಡೆಗಳು ಮುಚ್ಚಿಹೋಗುತ್ತವೆ ಎಂಬುದು. ಈ ಆತಂಕವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ 2023ರಲ್ಲಿ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ ತನ್ನ ಫುಟ್ಬಾಲ್ ತರಬೇತುದಾರ ಜಿಂಬೊ ಫಿಶರ್‌ರನ್ನು ವಜಾಗೊಳಿಸಿದಾಗ, ಕರಾರಿನ ಪ್ರಕಾರ ಅವರಿಗೆ ಕೊಡಬೇಕಾದ ಮೊತ್ತ ಏಳೂವರೆ ಕೋಟಿ ಡಾಲರಿಗೂ ಹೆಚ್ಚು. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮುಂದೆ ಮಾಡದಿರುವುದಕ್ಕೆ! ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರಕಾರಿ ನೌಕರ ರಾಜ್ಯಪಾಲನಲ್ಲ, ಕಾಲೇಜು ತಂಡದ ತರಬೇತುದಾರ. ಇವರಿಗಾಗಿ ತೆರೆಯುವ ಖಜಾನೆ ಆಟಗಾರ ಕೈಚಾಚಿದಾಗ ಮಾತ್ರ ಬರಿದಾಗುವುದೇಕೆ? ಹಲವು ವಿಶ್ವವಿದ್ಯಾಲಯಗಳು ಪ್ರತಿ ವಿದ್ಯಾರ್ಥಿಯಿಂದಲೂ ಕ್ರೀಡಾ ಶುಲ್ಕ ವಸೂಲು ಮಾಡುತ್ತವೆ. ಸಾಲ ಮಾಡಿ ಅಲ್ಲಿಗೆ ಓದಲು ಹೋದ ನಮ್ಮ ನಾಡಿನ ಮಕ್ಕಳೂ ಒಂದೂ ಪಂದ್ಯ ನೋಡದೆ ಆ ಶುಲ್ಕ ತೆರುತ್ತಾರೆ.

ಹಣ ಬೇಕಿದ್ದರೆ ವೃತ್ತಿಪರ ಆಟಕ್ಕೆ ಹೋಗಲಿ ಎನ್ನುವವರೂ ಇದ್ದಾರೆ. ಆದರೆ ಪ್ರೌಢಶಾಲೆ ಮುಗಿಸಿ ಮೂರು ವರ್ಷ ಕಳೆಯದೆ ವೃತ್ತಿಪರ ಫುಟ್ಬಾಲ್ ಲೀಗಿಗೆ ಪ್ರವೇಶವೇ ಇಲ್ಲ. ಆ ಬಾಗಿಲಿಗೆ ಬೀಗ ಹಾಕಿಟ್ಟು, ಹೋಗಿ ಎನ್ನುವುದು ಎಂತಹ ನ್ಯಾಯ?

ಈಗ ಪರಿಸ್ಥಿತಿ ಬದಲಾಗಿದೆಯಲ್ಲ ಎಂದು ಓದುಗರು ಕೇಳಬಹುದು. ಬದಲಾಗಿದೆ, ಅರ್ಧ ಮಾತ್ರ. 2021ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಶಿಕ್ಷಣಕ್ಕೆ ಸಂಬಂಧಿಸಿದ ಸೌಲಭ್ಯಗಳ ಮೇಲೆ ಎನ್‌ಸಿಎಎ ಹೇರಿದ್ದ ಮಿತಿಯನ್ನು ಒಮ್ಮತದಿಂದ ತಳ್ಳಿಹಾಕಿತು. ಅದೇ ಜುಲೈಯಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳನ್ನು ಜಾಹೀರಾತಿಗೆ ಬಳಸಿ ಗಳಿಸಲು ಅನುಮತಿ ದೊರೆಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಕೊಡಬೇಕು. 2025-26ರಲ್ಲಿ ಪ್ರತಿ ವಿಶ್ವವಿದ್ಯಾಲಯ ತನ್ನ ಆಟಗಾರರಿಗೆ ನೇರವಾಗಿ 2.05 ಕೋಟಿ ಡಾಲರ್ ವರೆಗೆ ಹಂಚಬಹುದು.

ಆದರೆ ಈ ರಾಜಿ ಆಟಗಾರನನ್ನು ನೌಕರನೆಂದು ಕರೆಯುವುದಿಲ್ಲ. ಮಿತಿ ಎಷ್ಟೆಂದು ಅವನ ಸಂಘಟನೆಯೊಂದು ಎದುರು ಕೂತು ಚೌಕಾಸಿ ಮಾಡಿಲ್ಲ. ಮೂಳೆ ಮುರಿದರೆ ಕಾರ್ಮಿಕನಿಗೆ ಸಿಗುವ ಪರಿಹಾರ ಇದರಿಂದ ಅವನಿಗೆ ಸಿಗುವುದಿಲ್ಲ. ಹಳೆಯ ಬಾಕಿಯ ಬಹುಪಾಲು ಪುರುಷರ ಫುಟ್ಬಾಲ್ ಮತ್ತು ಬಾಸ್ಕೆಟ್‌ಬಾಲಿಗೆ ಹೋಗುವುದರಿಂದ ಮಹಿಳಾ ಕ್ರೀಡಾಪಟುಗಳು ಮೇಲ್ಮನವಿ ಹೂಡಬೇಕಾಯಿತು. ವಿದ್ಯಾರ್ಥಿ ವೀಸಾದಲ್ಲಿ ಆಡಲು ಬಂದ ವಿದೇಶಿಯರಿಗೆ ದುಡಿಮೆಯ ನಿರ್ಬಂಧಗಳೇ ಅಡ್ಡಗೋಡೆ. ಡಾರ್ಟ್‌ಮತ್ ಕಾಲೇಜಿನ ಬಾಸ್ಕೆಟ್‌ಬಾಲ್ ಆಟಗಾರರು 2024ರ ಮಾರ್ಚ್‌ನಲ್ಲಿ 13-2 ಮತಗಳಿಂದ ಕಾರ್ಮಿಕ ಸಂಘ ಕಟ್ಟಲು ನಿರ್ಧರಿಸಿದರು. ಆಡಳಿತ ಮಾತುಕತೆಗೇ ಒಪ್ಪಲಿಲ್ಲ, ವರ್ಷಾಂತ್ಯದಲ್ಲಿ ಅರ್ಜಿ ಹಿಂದಕ್ಕೆ ಪಡೆಯಬೇಕಾಯಿತು.

ಆದ್ದರಿಂದ ನಮ್ಮ ನಿಲುವು ಸ್ಪಷ್ಟ. ಕೊಡಬೇಕಾದುದು ಬಕ್ಷೀಸಲ್ಲ, ಸಂಬಳ. ಅದರೊಂದಿಗೆ ಗಾಯಕ್ಕೆ ಪರಿಹಾರ, ಸಂಘ ಕಟ್ಟುವ ಹಕ್ಕು, ಮಹಿಳೆಯರಿಗೆ ನ್ಯಾಯವಾದ ಪಾಲು ಇರಬೇಕು. ಸಣ್ಣ ಕ್ರೀಡೆಗಳನ್ನು ಉಳಿಸುವ ಹಣ ಆಟಗಾರನ ಕಿಸೆಯಿಂದಲ್ಲ, ತರಬೇತುದಾರರ ಕರಾರುಗಳಿಂದ ಬರಲಿ.

ಹಣ ಬಂದರೆ ಆಟದ ಪಾವಿತ್ರ್ಯ ಕೆಡುತ್ತದೆ ಎನ್ನುವವರಿಗೂ ಒಂದು ದಾರಿಯಿದೆ. ಟಿಕೆಟು ಮಾರುವುದನ್ನು ನಿಲ್ಲಿಸಿ, ಟಿವಿ ಒಪ್ಪಂದಗಳನ್ನು ಹರಿದು ಹಾಕಿ, ತರಬೇತುದಾರನಿಗೆ ಅಧ್ಯಾಪಕನ ಸಂಬಳ ಕೊಡಿ. ಆಗ ಹುಡುಗರು ಸಂಜೆ ಮೈದಾನದಲ್ಲಿ ಹವ್ಯಾಸಕ್ಕಾಗಿಯೇ ಆಡಲಿ. ಅದಕ್ಕೆ ಸಿದ್ಧರಿಲ್ಲದವರಿಗೆ ಪಾವಿತ್ರ್ಯದ ಮಾತಾಡುವ ಹಕ್ಕಿಲ್ಲ.