‘ಸೋಮಾರಿ’ ಎಂಬ ಸೋಮಾರಿ ಅನುವಾದ

ಮೊನ್ನೆ ಭಾಷಾಂತರದ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದೆ. ಕೊಟ್ಟಿದ್ದ ಇಂಗ್ಲಿಷ್ ಭಾಗದಲ್ಲಿ, ಜ್ವರ ಬಿಟ್ಟು ಇನ್ನೂ ಚೇತರಿಸಿಕೊಳ್ಳದ ಹುಡುಗನೊಬ್ಬನನ್ನು ‘ಲೆಥಾರ್ಜಿಕ್’ ಎಂದು ವರ್ಣಿಸಿತ್ತು. ನಲವತ್ತು ಪತ್ರಿಕೆಗಳಲ್ಲಿ ಮೂವತ್ತಕ್ಕೂ ಮಿಕ್ಕಿ ‘ಸೋಮಾರಿ ಹುಡುಗ’ ಎಂದೇ ಬರೆದಿದ್ದವು. ವಿದ್ಯಾರ್ಥಿಗಳನ್ನು ದೂರಿ ಫಲವೇನು? ಅವರ ಕೈಯಲ್ಲಿ ಓಡಾಡುವ ಚಿಕ್ಕ ನಿಘಂಟೊಂದನ್ನು ತೆರೆದು ನೋಡಿದೆ. ಲೇಜಿ ಎಂದರೆ ಸೋಮಾರಿ, ಐಡಲ್ ಎಂದರೆ ಸೋಮಾರಿ, ಇಂಡೊಲೆಂಟ್ ಎಂದರೂ ಸೋಮಾರಿ. ಬೇಸರವಾದಾಗ ಒಮ್ಮೊಮ್ಮೆ ‘ಜಡ’. ಪಕ್ಕದಲ್ಲಿದ್ದ ಇಂಗ್ಲಿಷ್ ಅಧ್ಯಾಪಕ ಮಿತ್ರರು ನಕ್ಕು, “ಏನು ಮಾಡುತ್ತೀರಿ ಸ್ವಾಮಿ, ನಿಮ್ಮ ಕನ್ನಡದಲ್ಲಿ ಶಬ್ದಗಳೇ ಇಲ್ಲವಲ್ಲ!” ಎಂದರು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲದಿರುವುದು ಶಬ್ದವಲ್ಲ, ವಿವೇಚನೆ.

ಇಂಗ್ಲಿಷಿನ ಈ ವಿಶೇಷಣಗಳು ಒಂದೇ ಮನೆಯಲ್ಲಿ ಹುಟ್ಟಿದವಲ್ಲ. ‘ಐಡಲ್’ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಬರಿದಾದದ್ದು, ಟೊಳ್ಳು ಎಂದರ್ಥ. ಇವತ್ತಿಗೂ ಕೆಲಸವಿಲ್ಲದೆ ನಿಂತ ಯಂತ್ರ ಐಡಲ್. ಯಂತ್ರವನ್ನು ಸೋಮಾರಿಯೆಂದು ಬಯ್ಯುವ ಮೇಸ್ತ್ರಿಯನ್ನು ನಾನು ಕಂಡಿಲ್ಲ. ‘ಇಂಡೊಲೆಂಟ್’ ಲ್ಯಾಟಿನ್ ಮೂಲದ್ದು, ನೋವಿಲ್ಲದ್ದು ಎಂಬ ಅರ್ಥದಲ್ಲಿ ಮೊದಲು ವೈದ್ಯರ ಬಾಯಲ್ಲಿದ್ದ ಮಾತು. ನಿಧಾನವಾಗಿ ಬೆಳೆಯುವ ಗಡ್ಡೆಯನ್ನು ಅವರು ಈಗಲೂ ಹಾಗೆಯೇ ಕರೆಯುತ್ತಾರೆ. ನೋವನ್ನು ತಪ್ಪಿಸಿಕೊಂಡು ಸುಖವಾಗಿರುವವನಿಗೆ ಅದು ಆಮೇಲೆ ಅಂಟಿತು. ‘ಲೆಥಾರ್ಜಿಕ್’ನ ಹಿಂದೆ ಗ್ರೀಕರ ಮರೆವಿನ ಹೊಳೆ ಲೀಥೆ ಹರಿಯುತ್ತದೆ. ‘ಟಾರ್ಪಿಡ್’ ಎಂದರೆ ಮರಗಟ್ಟಿದ್ದು. ಮುಟ್ಟಿದವರ ಕೈ ಮರಗಟ್ಟಿಸುವ ಮೀನಿಗೆ ‘ಟಾರ್ಪೀಡೊ’ ಎಂಬ ಹೆಸರು ಬಂದದ್ದೂ ಅದೇ ಧಾತುವಿನಿಂದ. ‘ಲಿಸ್ಟ್‌ಲೆಸ್’ನಲ್ಲಿರುವ ‘ಲಿಸ್ಟ್’ ಪಟ್ಟಿಯಲ್ಲ, ಇಚ್ಛೆ. (ಒಬ್ಬ ಪುಣ್ಯಾತ್ಮ ‘ಪಟ್ಟಿಯಿಲ್ಲದ’ ಎಂದೇ ಅನುವಾದಿಸಿದ್ದ, ಅವನು ಸೋಮಾರಿಯಲ್ಲ ಎಂಬುದು ಮಾತ್ರ ಖಂಡಿತ.)

ಇವುಗಳಲ್ಲಿ ‘ಲೇಜಿ’ ಆಪಾದನೆ. ‘ಲೆಥಾರ್ಜಿಕ್’, ‘ಟಾರ್ಪಿಡ್’, ‘ಲಿಸ್ಟ್‌ಲೆಸ್’ ಅವಸ್ಥೆಗಳು. ಒಂದರಲ್ಲಿ ಮನುಷ್ಯ ತಪ್ಪಿತಸ್ಥ, ಇನ್ನೊಂದರಲ್ಲಿ ರೋಗಿ. ಈ ಗೆರೆಯನ್ನು ಅಳಿಸಿದರೆ ಆಗುವುದು ವ್ಯಾಕರಣದೋಷವಲ್ಲ, ಅನ್ಯಾಯ.

ಇಂಗ್ಲಿಷರೂ ಈ ಅನ್ಯಾಯ ಮಾಡಲಿಲ್ಲವೆಂದಲ್ಲ. 1824ರ ಅವರ ಅಲೆಮಾರಿ ಕಾಯಿದೆ ‘ಐಡಲ್’ ಎಂಬ ಪದವನ್ನು ಅಪರಾಧಿಗಳ ಒಂದು ವರ್ಗದ ಹೆಸರಿನಲ್ಲಿಯೇ ಸೇರಿಸಿತು. ಮೆಕಾಲೆ 1841ರಲ್ಲಿ ವಾರನ್ ಹೇಸ್ಟಿಂಗ್ಸನ ಮೇಲೆ ಬರೆದ ಪ್ರಬಂಧದಲ್ಲಿ ಬಂಗಾಳಿಗಳ ಚಲನೆಯನ್ನೆಲ್ಲ ‘ಲ್ಯಾಂಗ್ವಿಡ್’ ಎಂಬ ಒಂದು ಪದದಲ್ಲಿ ಮುಗಿಸಿದ. ಒಬ್ಬನ ಬಳಲಿಕೆಗೆ ಹೇಳಬೇಕಾದ ಮಾತು ಒಂದು ಜನಾಂಗದ ಸ್ವಭಾವವಾಗಿಬಿಟ್ಟಿತು. ಅಮೆರಿಕದ ದಕ್ಷಿಣ ಸೀಮೆಯ ಬಡ ರೈತರೂ ಬಹುಕಾಲ ‘ಲೇಜಿ’ ಎನ್ನಿಸಿಕೊಂಡವರೇ. ಅವರಲ್ಲಿ ಅನೇಕರ ಕರುಳಿನಲ್ಲಿ ಕೊಕ್ಕೆಹುಳು ಕೂತು ರಕ್ತ ಹೀರುತ್ತಿದೆಯೆಂದು ಚಾರ್ಲ್ಸ್ ಸ್ಟೈಲ್ಸ್ ಎಂಬ ವಿಜ್ಞಾನಿ 1902ರಲ್ಲಿ ಸಾರಿದಾಗ ಪತ್ರಿಕೆಗಳು ಅದನ್ನು ‘ಸೋಮಾರಿತನದ ಕ್ರಿಮಿ’ ಎಂದು ಹಾಸ್ಯಮಾಡಿದವು. ಬರಿಗಾಲಿನಲ್ಲಿ ನಡೆಯುವವರ ಚರ್ಮದ ಮೂಲಕ ಒಳಹೊಕ್ಕ ಹುಳು ಅದು. 1909ರಲ್ಲಿ ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ಕೊಟ್ಟು ಅದರ ನಿವಾರಣೆಗೆ ಆಯೋಗವನ್ನೇ ನೇಮಿಸಬೇಕಾಯಿತು. ಬೇಕಾದದ್ದು ಔಷಧ ಮತ್ತು ಶೌಚಾಲಯ. ಅಷ್ಟು ಕಾಲ ಕೊಟ್ಟದ್ದು ಒಂದು ವಿಶೇಷಣ.

ಪರರನ್ನು ಹೇಳಿ ನನ್ನನ್ನು ಮರೆಯಲಾರೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸದಾ ತಲೆಯೊರಗಿಸಿ ಕೂರುವ ಹುಡುಗನೊಬ್ಬನಿದ್ದ. ಎರಡು ಬಾರಿ ಎಬ್ಬಿಸಿದೆ, ಮೂರನೆಯ ಬಾರಿ ಗದರಿದೆ. ಅವನ ತಂದೆಗೆ ಕಾಗದ ಬರೆದು, ‘ನಿಮ್ಮ ಮಗ ಶುದ್ಧ ಸೋಮಾರಿ’ ಎಂದೆ. ಆ ತಂದೆ ತಿಂಗಳ ಮೇಲೆ ಊರಿನಿಂದ ಬಂದು, “ಡಾಕ್ಟರು ಮೈಯಲ್ಲಿ ರಕ್ತವೇ ಇಲ್ಲ ಅಂದರು ಮೇಷ್ಟ್ರೇ. ತಮ್ಮ ಕಾಗದ ನೋಡಿ ನಾನು ಅವನಿಗೆ ಹೊಡೆದುಬಿಟ್ಟಿದ್ದೆ” ಎಂದು ಮೆಲ್ಲಗೆ ಹೇಳಿ, ರಜೆಯ ಅರ್ಜಿಯನ್ನು ಮೇಜಿನ ಮೇಲಿಟ್ಟರು. ಕನ್ನಡ ಎಂ.ಎ. ಮಾಡಿದವನಿಗೆ ಆ ಹೊತ್ತು ಒಂದು ಶಬ್ದವೂ ಹೊಳೆಯಲಿಲ್ಲ.

ಶಬ್ದಗಳು ಇಲ್ಲದೆ ಅಲ್ಲ. ಕೈಕಾಲು ಜೋಮು ಹಿಡಿಯುತ್ತದೆ ಎನ್ನುತ್ತೇವಲ್ಲ, ‘ಟಾರ್ಪಿಡ್’ಗೆ ಅದಕ್ಕಿಂತ ಹತ್ತಿರದ ಮಾತು ಯಾವುದು? ಲೆಥಾರ್ಜಿಕ್ ಆದವನು ಮಂಪರಿನಲ್ಲಿದ್ದಾನೆ, ಲ್ಯಾಂಗ್ವಿಡ್ ಆದವನು ಬಳಲಿದ್ದಾನೆ, ಲಿಸ್ಟ್‌ಲೆಸ್ ಆದವನಿಗೆ ಯಾವುದರಲ್ಲೂ ಮನಸ್ಸಿಲ್ಲ. ನಿಜವಾಗಿ ಬಯ್ಯಲೇಬೇಕಾದವನಿಗೆ ‘ಮೈಗಳ್ಳ’ ಇದ್ದೇ ಇದೆ. ಎಂಥ ನ್ಯಾಯವಾದ ಮಾತು ನೋಡಿ! ಮೈಯಲ್ಲಿ ಶಕ್ತಿಯಿದ್ದು ಬಚ್ಚಿಟ್ಟರೆ ತಾನೇ ಕಳ್ಳ? ಇಲ್ಲದವನು ಏನನ್ನು ಕದ್ದಾನು? ಇಷ್ಟು ಸೂಕ್ಷ್ಮ ಇಂಗ್ಲಿಷಿನ ‘ಲೇಜಿ’ಯಲ್ಲಿ ನನಗಂತೂ ಕಾಣದು. ಕರಾವಳಿಯವರು ‘ಇವತ್ತು ಉದಾಸೀನ’ ಎನ್ನುವುದರಲ್ಲಿರುವ ಔದಾರ್ಯವನ್ನು ಮಿತ್ರರು ಅನುವಾದಿಸಿ ತೋರಿಸಲಿ.

ನಿಘಂಟು ಮಾಡುವ ಮಹನೀಯರು ಒಂದು ದಿನ ಹಳ್ಳಿಯ ಜಗಲಿಯ ಮೇಲೆ ಕುಳಿತು ಕೇಳಿದ್ದರೆ ಇದೆಲ್ಲ ಅವರ ಕಿವಿಗೆ ಬೀಳುತ್ತಿತ್ತು. ಮೇಜು ಬಿಟ್ಟು ಏಳಲಿಲ್ಲ. ಇದಕ್ಕೆ ಯಾವ ವಿಶೇಷಣ ಸಲ್ಲುತ್ತದೆಂಬುದನ್ನು ಅವರಿಗೇ ಬಿಡುತ್ತೇನೆ.

ಆ ಮೂವತ್ತು ಚಿಲ್ಲರೆ ಪತ್ರಿಕೆಗಳಲ್ಲಿ ‘ಸೋಮಾರಿ’ಯ ಕೆಳಗೆ ಕೆಂಪು ಗೆರೆ ಎಳೆದು, ‘ಮಂಪರು’ ಎಂದು ಬರೆದು, ಅರ್ಧ ಅಂಕ ಕಳೆದಿದ್ದೇನೆ. ನಿಘಂಟಿನಲ್ಲಿರುವುದನ್ನೇ ಬರೆದೆವೆಂದು ಹುಡುಗರು ತಕರಾರು ತೆಗೆದರೆ ಬರಲಿ; ಕಾದಿದ್ದೇನೆ.